ಏಳನೆಯವನು

ನೋವಿನ ಮುಲಾಮಿನ ವಾಸನೆ ಮೂಗಿಗೆ ಬಡಿದರೆ ಸಾಕು, ಕರಡಣ್ಣ ಮತ್ತೆ ಹತ್ತು ವರ್ಷದ ಹುಡುಗನಾಗಿಬಿಡುತ್ತಿದ್ದ. ಶಾಲೆಯ ಆಟದ ಸಾಮಾನಿನ ಕೋಣೆ, ಗಾಳಿ ಹೋಗಿ ಮುದುಡಿದ ಚೆಂಡುಗಳು, ಬೆವರು ಒಣಗಿದ ಬನಿಯನ್ನುಗಳು, ಎಲ್ಲದರ ಮೇಲೂ ಕಣ್ಣುರಿಸುವ ಆ ಮುಲಾಮಿನ ವಾಸನೆ. ಅಲ್ಲಿಂದಲೇ ಒಂದು ದಿನ ಮೇಷ್ಟ್ರು ಅವನ ಕತ್ತುಪಟ್ಟಿ ಹಿಡಿದು, "ಒಬ್ಬ ಕಮ್ಮಿ ಬಿದ್ದಿದ್ದಾನೆ, ನೀನೇ ಆಡು ಹೋಗು" ಎಂದು ಮೈದಾನಕ್ಕೆ ದಬ್ಬಿದ್ದರು. ಚೆಂಡು ಬಂದಾಗ ಅವನು ಕಣ್ಣು ಮುಚ್ಚಿಕೊಂಡ. ಕಣ್ಣು ಬಿಡುವಷ್ಟರಲ್ಲಿ ಮೂಗಿನಿಂದ ರಕ್ತ ಸೋರುತ್ತಿತ್ತು, ಶಾಲೆ ಸೋತಿತ್ತು. ಆ ಸಂಜೆ ತಂಡದ ಹುಡುಗರೆಲ್ಲ ರಸ್ತೆಯ ಆಚೆ ಬದಿಯಲ್ಲಿ ಗುಂಪಾಗಿ ಮನೆಗೆ ಹೋದರು. ಈಚೆ ಬದಿಯಲ್ಲಿ ಇವನೊಬ್ಬನೇ ಮೂಗಿಗೆ ಕರವಸ್ತ್ರ ಒತ್ತಿಕೊಂಡು ನಡೆದ.

ಅಂಥವನು ಈಗ ನಲವತ್ತೈದರ ವಯಸ್ಸಿನಲ್ಲಿ, ಹಳದಿ ಜೆರ್ಸಿಯೊಂದನ್ನು ಚೀಲದಲ್ಲಿಟ್ಟುಕೊಂಡು, ವಾಲಿಬಾಲ್ ಪಂದ್ಯದ ದಿನ ಬೆಳಿಗ್ಗೆ ಪ್ರೆಸ್ಸಿನ ಗೇಟು ದಾಟುತ್ತಿದ್ದಾನೆಂದರೆ ಅದಕ್ಕೊಂದು ಕಾರಣ ಬೇಕಲ್ಲ? ಕಾರಣ, ಒಂದು ಕುರ್ಚಿ.

ಪ್ರೆಸ್ಸಿನಲ್ಲಿ ಅವನ ಕೆಲಸ ಕರಡು ತಿದ್ದುವುದು. ಪುಟಗಳು ಅಚ್ಚಿಗೆ ಹೋಗುವ ಮೊದಲು ಅವುಗಳಲ್ಲಿ ತಪ್ಪು ಹುಡುಕಬೇಕು. ಅವನ ಹೆಸರು ಯಾರಿಗೂ ಬೇಕಾಗಿರಲಿಲ್ಲ, ಕರಡಣ್ಣ ಎಂದರೆ ಸಾಕಿತ್ತು. ಗಾಜಿನ ಕೋಣೆಯಲ್ಲಿ ಒಬ್ಬನೇ ಕೂತು ದಿನವಿಡೀ ತಪ್ಪು ಹುಡುಕುವವನ ಹತ್ತಿರ ಹರಟೆಗೆ ಯಾರು ಬರುತ್ತಾರೆ? ಕೆಲಸಕ್ಕೆ ಸೇರಿದ ಮೊದಲ ತಿಂಗಳುಗಳಲ್ಲಿ ಅವನಿಗೆ ಕೇಳಿಸಿದ ಮಾತೆಂದರೆ, "ಈ ಪುಟ ಆಯ್ತಾ?" ಎಂಬುದೊಂದೇ. ಊಟವನ್ನು ಗೋಡೆ ಗಡಿಯಾರದ ಮುಖ ನೋಡಿಕೊಂಡು ಮಾಡುತ್ತಿದ್ದ. ಗಡಿಯಾರವೂ ಕೆಟ್ಟಿತ್ತು.

ಕ್ಯಾಂಟೀನಿನ ನಡುವೆ ಒಂದು ಉದ್ದನೆಯ ಮೇಜಿತ್ತು. ಅದು ವಾಲಿಬಾಲ್ ತಂಡದ ಮೇಜು. ಕಾಗದ ಕತ್ತರಿಸುವ ಯಂತ್ರದ ದೊಡ್ಡಣ್ಣ ಅದಕ್ಕೆ ಯಜಮಾನ, ತಂಡಕ್ಕೂ ಅವನೇ ನಾಯಕ. ಒಂದು ದಿನ ಅವನು ಗಾಜಿನ ಬಾಗಿಲಲ್ಲಿ ತಲೆ ಹಾಕಿ, "ಲೋ ಕರಡಣ್ಣ, ನಮಗೆ ಏಳನೆಯವನು ಒಬ್ಬ ಬೇಕು. ಬರ್ತೀಯಾ?" ಎಂದ.

"ಅಯ್ಯೋ, ನಂಗೆ ಆಡೋಕೆ ಬರಲ್ಲ ದೊಡ್ಡಣ್ಣ!"

"ಆಡು ಅಂತ ಯಾರಂದ್ರು? ಆಡೋರು ಆರು ಜನ ಇದ್ದೀವಿ, ಕಲ್ಲುಗುಂಡಿನ ಹಾಗೆ. ನೀನು ಬೆಂಚ್ ಮೇಲೆ ಕೂತಿರು. ಕೂರೋಕಾದ್ರೂ ಬರುತ್ತಲ್ಲ?"

ಕೂರುವುದರಲ್ಲಿ ಕರಡಣ್ಣನನ್ನು ಮೀರಿಸುವವರಿರಲಿಲ್ಲ. ಮರುದಿನವೇ ಉದ್ದನೆಯ ಮೇಜಿನ ಬಳಿ ಅವನಿಗೊಂದು ಕುರ್ಚಿ ಬಂತು. ಅವನು ಬರುವುದು ತಡವಾದರೆ ಯಾರೋ ಅದರ ಮೇಲೆ ಟವೆಲು ಹಾಕಿ ಕಾದಿಡುತ್ತಿದ್ದರು. ಮಗಳಿಗೆ ಜ್ವರ ಬಂದಾಗ ವ್ಯಾನಿನ ಡ್ರೈವರು ಕೇಳದೆಯೇ ಆಸ್ಪತ್ರೆಗೆ ಬಿಟ್ಟು ಬಂದ. ಛತ್ರಿಯ ಕಡ್ಡಿ ಮುರಿದಾಗ, ಅಚ್ಚಿನ ಯಂತ್ರಕ್ಕೆ ಬಣ್ಣ ತುಂಬುವ ಹುಡುಗ, ಎಲ್ಲರೂ ಮಸಿ ಎಂದು ಕರೆಯುವವನು, ತಂತಿ ಸುತ್ತಿ ಸರಿ ಮಾಡಿಕೊಟ್ಟ. ಮನೆಯಲ್ಲಿ ಹೆಂಡತಿ ಕೂಡ, "ಈಚೆಗೆ ಊಟದ ಡಬ್ಬಿ ಖಾಲಿಯಾಗಿ ಬರ್ತಾ ಇದೆ" ಎಂದು ಗಮನಿಸಿದ್ದಳು. ಮೈ ನೋಯದೆ ಆಟದಿಂದ ಇಷ್ಟೆಲ್ಲ ಲಾಭವಿದೆಯೆಂದು ಶಾಲೆಯಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ.

ಆದರೆ ಆ ಕುರ್ಚಿ ಖಾಲಿಯಾದ ಕತೆಯನ್ನು ಕ್ಯಾಂಟೀನಿನ ಅಕ್ಕ ಅವನಿಗೆ ಹೇಳಿದ್ದಳು. ಅವನಿಗಿಂತ ಮುಂಚೆ ಏಳನೆಯವರಾಗಿದ್ದವರು ಲೆಕ್ಕದ ಗುಮಾಸ್ತರು. ಪಂದ್ಯದ ದಿನ ಆಡಬೇಕಾಗಿ ಬಂದಾಗ ಹೊಟ್ಟೆನೋವೆಂದು ಮನೆಗೆ ಹೋದರು. ಮರುದಿನದಿಂದ ಊಟವೂ ಲೆಕ್ಕದ ಕೋಣೆಯಲ್ಲೇ, ಬಾಗಿಲು ಮುಚ್ಚಿಕೊಂಡು.

ಹಾಗಾಗಿ ಹೊಟ್ಟೆನೋವಿನ ದಾರಿ ಮುಚ್ಚಿತ್ತು. ಆಡಿದರೆ ಬಣ್ಣ ಬಯಲು. ಆಡದಿದ್ದರೆ ಕುರ್ಚಿ ಹೋಯಿತು. ಉಳಿದದ್ದು ಒಂದೇ, ಆ ಆರು ಜನರಲ್ಲಿ ಒಬ್ಬರಿಗೂ ಏನೂ ಆಗಬಾರದು. ಇವತ್ತು ಮಧ್ಯಾಹ್ನ ಪಕ್ಕದ ರಟ್ಟಿನ ಡಬ್ಬಿ ಕಾರ್ಖಾನೆಯ ಜೊತೆ ಪಂದ್ಯ, ಆಮೇಲೆ ಊಟ. ಮಧ್ಯಾಹ್ನದ ತನಕ ಅವರನ್ನು ದೇವರು ಕಾಪಾಡಿದರೆ ಸಾಕು.

ಗೇಟಿನ ಒಳಗೆ ಕಾಲಿಟ್ಟನೋ ಇಲ್ಲವೋ, "ಆಕ್ಷೀ!" ಎಂದಿತು ಅಚ್ಚಿನ ಕೋಣೆ.

ಕರಡಣ್ಣ ಚೀಲ ಅಲ್ಲೇ ಬಿಟ್ಟು ಓಡಿದ. ಮಸಿ ತೋಳಿನಿಂದ ಮೂಗೊರೆಸಿಕೊಳ್ಳುತ್ತ ನಿಂತಿದ್ದ. ಮೂಗಿನ ತುದಿಗೆ ನೀಲಿ ಬಣ್ಣ ಹತ್ತಿತ್ತು.

"ಏನಾಯ್ತೋ? ಜ್ವರಾನಾ? ಗಂಟಲು ನೋವಾ? ನಾಲಿಗೆ ತೋರಿಸು!"

"ಏನಿಲ್ಲ ಕರಡಣ್ಣ, ಒಂದು ಸೀನು ಬಂತು..."

"ಒಂದು ಸೀನು ಅಂತ ಬಿಟ್ರೆ ಅದು ಹತ್ತಾಗುತ್ತೆ. ನಡಿ!"

ಮಸಿಯ ಕೈ ಹಿಡಿದು ಕ್ಯಾಂಟೀನಿಗೆ ಎಳೆದೊಯ್ದ. ಅಕ್ಕನ ಪಾತ್ರೆಯಲ್ಲಿ ನೀರು ಕುದಿಸಿ, ತಲೆಯ ಮೇಲೆ ಟವೆಲು ಹೊದಿಸಿ, ಹಬೆಗೆ ಕೂರಿಸಿದ. ಮಸಿ ಹೊರಗೆ ಬರಲು ನೋಡಿದಾಗಲೆಲ್ಲ ತಲೆಯನ್ನು ಮತ್ತೆ ಒಳಗೆ ಒತ್ತಿದ. ಕೊನೆಗೆ ತಾನು ಹಾಕಿಕೊಂಡಿದ್ದ ಸ್ವೆಟರು ಬಿಚ್ಚಿ ತೊಡಿಸಿದ.

"ನಮ್ಮಮ್ಮನೂ ನನ್ನ ಹಿಂಗೆ ನೋಡ್ಕೊಂಡಿಲ್ಲ ಕರಡಣ್ಣ" ಎಂದ ಮಸಿ. ಅವನ ಕಣ್ಣಲ್ಲಿ ನೀರಿತ್ತು. ಹಬೆಯದಿರಬಹುದು ಎಂದುಕೊಂಡ ಕರಡಣ್ಣ.

ಗಾಜಿನ ಕೋಣೆಗೆ ಮರಳಿ ಎರಡು ಸಾಲು ಓದಿರಬೇಕು. ಕಿಟಕಿಯಾಚೆ ತಂಡದ ಇನ್ನೊಬ್ಬ ಆಟಗಾರ, ಬೈಂಡರು, ಪುಸ್ತಕದ ಕಟ್ಟು ಹೊತ್ತು ಹೋಗುತ್ತಿದ್ದ. ತಪ್ಪು ಹಿಡಿಯುವ ಕಣ್ಣಲ್ಲವೇ, ನಡಿಗೆಯಲ್ಲಿ ಕೊಂಬೋ ದೀರ್ಘವೋ ಬಿಟ್ಟುಹೋದಂತೆ ಕಂಡಿತು. ಎಡಗಾಲು ಕುಂಟುತ್ತಿತ್ತು!

"ಮೊಣಕಾಲು ಸ್ವಲ್ಪ ಹಿಡ್ಕೊಂಡಿದೆ ಕಣಯ್ಯಾ" ಎಂದ ಬೈಂಡರು ಮೂಟೆಯ ಮೇಲೆ ಕೂತು. "ಇವತ್ತು ಆಡೋಕಾಗುತ್ತೋ ಇಲ್ವೋ."

"ಆಗುತ್ತೆ! ಯಾಕಾಗಲ್ಲ? ಪ್ಯಾಂಟು ಮೇಲೆತ್ತು!"

ಗೋದಾಮಿನ ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಅದೇ ಮುಲಾಮು. ಮುಚ್ಚಳ ತೆಗೆದದ್ದೇ ತಡ, ಮೇಷ್ಟ್ರು ಕತ್ತುಪಟ್ಟಿ ಹಿಡಿದಂತಾಯಿತು. ಬಾಯಿಂದ ಉಸಿರಾಡುತ್ತ, ಮುಖ ಆ ಕಡೆ ತಿರುಗಿಸಿ, ರೊಟ್ಟಿಯ ಹಿಟ್ಟು ನಾದುವವನ ಹಾಗೆ ಬೈಂಡರನ ಮೊಣಕಾಲು ತಿಕ್ಕಿದ. ಬೈಂಡರು ಅವನನ್ನೇ ದಿಟ್ಟಿಸಿ ನೋಡುತ್ತಿದ್ದ.

"ಸಾಕು ಬಿಡಯ್ಯಾ."

"ನೋವು ಹೋಯ್ತಾ?"

"ಇನ್ನೂ ಒಂಚೂರು..."

"ಹಾಗಾದ್ರೆ ಇನ್ನಷ್ಟು ತಿಕ್ತೀನಿ."

"ಹೋಯ್ತು, ಹೋಯ್ತು!" ಎಂದ ಬೈಂಡರು ಗಾಬರಿಯಿಂದ.

ಬೆವರೊರೆಸಿಕೊಂಡು ಅಂಗಳಕ್ಕೆ ಬಂದರೆ ದೊಡ್ಡಣ್ಣ ವ್ಯಾನಿನ ಬಾಗಿಲು ಬಡಿಯುತ್ತಿದ್ದ. ಡ್ರೈವರು ಗಾಜು ಏರಿಸಿಕೊಂಡು ಸ್ಟೀರಿಂಗಿನ ಮೇಲೆ ತಲೆಯಿಟ್ಟು ಕೂತಿದ್ದ. "ಹೆಂಡ್ತಿ ಮಾತು ಬಿಟ್ಟಿದ್ದಾಳಂತೆ, ಮನಸ್ಸು ಸರಿ ಇಲ್ವಂತೆ. ಇವತ್ತು ಕರಡಣ್ಣನೇ ಆಡ್ಲಿ ಅಂತಾನೆ" ಎಂದು ದೊಡ್ಡಣ್ಣ ಕೈ ಝಾಡಿಸಿ ಹೋದ.

ಕರಡಣ್ಣ ಇನ್ನೊಂದು ಬಾಗಿಲಿಂದ ವ್ಯಾನಿನೊಳಗೆ ಹತ್ತಿದ. "ಫೋನ್ ಕೊಡು ಇಲ್ಲಿ" ಎಂದು ಕಿತ್ತುಕೊಂಡು ಡ್ರೈವರನ ಮನೆಗೆ ಕರೆ ಮಾಡಿದ.

"ತಂಗೀ, ನಾನಮ್ಮಾ, ಪ್ರೆಸ್ಸಿನ ಕರಡಣ್ಣ. ನಿನ್ನ ಗಂಡ ಇಲ್ಲಿ ಅಳ್ತಾ ಕೂತಿದ್ದಾನೆ."

"ಅಳ್ಲಿ ಬಿಡಿ ಅಣ್ಣಾ. ನಮ್ಮಮ್ಮನ ಅಡುಗೆಗೆ ಹೆಸರಿಟ್ಟವರು ಅವರು. ಅವರ ಬಾಯಿಂದಲೇ ತಪ್ಪಾಯ್ತು ಅಂತ ಬರ್ಲಿ."

ಡ್ರೈವರು ಫೋನು ತೆಗೆದುಕೊಂಡು, "ನೋಡು, ನಿಮ್ಮಮ್ಮನ ಅಡುಗೆ ಚೆನ್ನಾಗಿರ್ಲಿಲ್ಲ ನಿಜ, ಆದ್ರೂ..." ಎಂದು ಶುರುಮಾಡಿದ. ಕರಡಣ್ಣ ಅವನ ಬಾಯಿ ಮುಚ್ಚಿದ.

"ಎಂಥ ವಾಕ್ಯನೋ ಅದು! 'ತಪ್ಪಾಯ್ತು' ಅನ್ನೋದು ಮೊದಲು ಬರ್ಲಿ. 'ನಿಜ' ತೆಗೆದುಹಾಕು. 'ಆದ್ರೂ' ಬೇಡವೇ ಬೇಡ. ಕೊನೇಲಿ ಅತ್ತೆಯನ್ನ ಭಾನುವಾರ ಕರಿ."

"ಭಾನುವಾರಾನಾ?"

"ಕರಿಯೋ!"

ಮೂರು ಸಲ ತಿದ್ದಿದ ಮೇಲೆ ಕ್ಷಮಾಪಣೆ ಒಂದು ರೂಪಕ್ಕೆ ಬಂತು. ಆಚೆಯಿಂದ ಹೆಂಡತಿ ನಕ್ಕದ್ದು ಕರಡಣ್ಣನಿಗೂ ಕೇಳಿಸಿತು. ಡ್ರೈವರು ಅವನನ್ನು ಬಾಚಿ ತಬ್ಬಿಕೊಂಡ. "ಅಣ್ಣಾ, ನೀವು ನನ್ನ ಸಂಸಾರ ಉಳಿಸಿದ್ರಿ!"

"ಅದಿರ್ಲಿ, ಆಡ್ತೀಯಲ್ಲ?" ಎಂದ ಕರಡಣ್ಣ, ಉಸಿರು ಕಟ್ಟಿ.

ಪಂದ್ಯದ ಹೊತ್ತಿಗೆ ಆರೂ ಜನ ಅಂಕಣದ ಬಳಿ ನಿಂತಿದ್ದರು. ಸೀನಿಲ್ಲ, ಕುಂಟಿಲ್ಲ, ಕಣ್ಣೀರಿಲ್ಲ. ಕರಡಣ್ಣ ಮತ್ತೆ ಮತ್ತೆ ಎಣಿಸಿಕೊಂಡು ಬೆಂಚಿನ ಮೇಲೆ ಕೂತ. ಹಿತವಾದ ಗಾಳಿ ಬೀಸುತ್ತಿತ್ತು. ಬೆಳಗಿನಿಂದ ಇದೇ ಮೊದಲ ಸಲ ಪೂರ್ತಿ ಉಸಿರು ಬಿಟ್ಟ.

ಅಷ್ಟರಲ್ಲಿ ಮಸಿ ದೊಡ್ಡಣ್ಣನ ಕಿವಿಯಲ್ಲಿ ಏನೋ ಪಿಸುಗುಟ್ಟಿದ. ಅವನು ಈಚೆ ಬಂದ ಕೂಡಲೇ ಡ್ರೈವರು ಹೋದ. ಅವನ ಹಿಂದೆಯೇ ಬೈಂಡರು. ದೊಡ್ಡಣ್ಣ ಮೂವರ ಮುಖವನ್ನೂ ನೋಡಿ ಸಿಡಿದ.

"ಏನ್ರೋ ಇದು? ಇವನಿಗೆ ನೆಗಡಿಯಂತೆ, ಅವನಿಗೆ ತಲೆ ಸುತ್ತಂತೆ, ನಿಂಗೆ ಮೊಣಕಾಲಂತೆ! ಇದ್ದಕ್ಕಿದ್ದ ಹಾಗೆ ಮೂರು ಜನಕ್ಕೂ?"

ಮೂವರೂ ಮುಖ ಮುಖ ನೋಡಿಕೊಂಡರು. ಮಸಿಯೇ ಬಾಯಿಬಿಟ್ಟ. "ನಂಗೇನೂ ಆಗಿಲ್ಲ ದೊಡ್ಡಣ್ಣ. ಕರಡಣ್ಣ ಒಂದು ಸಲ ಆಡ್ಲಿ ಅಂತ. ಬೆಳಿಗ್ಗೆಯಿಂದ ತಂಡಕ್ಕೋಸ್ಕರ ಎಷ್ಟು ಒದ್ದಾಡಿದ್ರು ಗೊತ್ತಾ? ಆಡೋ ಆಸೆ ಎಷ್ಟಿರಬೇಕು! ಪಾಪ, ಬಾಯಿಬಿಟ್ಟು ಕೇಳೋರಲ್ಲ."

"ನಾನೂ ಅದಕ್ಕೇ ಅಂದಿದ್ದು. ನನ್ನ ಜಾಗ ಕೊಡ್ತೀನಿ" ಎಂದ ಡ್ರೈವರು.

"ನಿಂಗಿಂತ ಮೊದಲು ನಾನು!" ಎಂದ ಬೈಂಡರು. ಮೂವರಲ್ಲಿ ಅವನ ದನಿಯೇ ಜೋರಾಗಿತ್ತು.

ಕರಡಣ್ಣ ಬೆಂಚಿನಿಂದ ಬಿದ್ದೆನೋ ಕೆಟ್ಟೆನೋ ಎಂದು ಓಡಿಬಂದ. "ಬೇಡ್ರಪ್ಪಾ! ಕೈ ಮುಗೀತೀನಿ! ನಾನು ಕೂತಿರ್ತೀನಿ, ನಂಗೆ ಅದೇ ಇಷ್ಟ!"

"ನೋಡಿ, ನೋಡಿ, ಎಂಥ ದೊಡ್ಡ ಮನಸ್ಸು" ಎಂದು ಡ್ರೈವರು ಕಣ್ಣೊರೆಸಿಕೊಂಡ.

ಕೊನೆಗೆ ಬೈಂಡರು ಯಾರನ್ನೂ ಕೇಳದೆ ಹೋಗಿ ಬೆಂಚಿನ ಮೇಲೆ ಕೂತುಬಿಟ್ಟ. ದೊಡ್ಡಣ್ಣ ಕರಡಣ್ಣನ ಹೆಗಲ ಮೇಲೆ ಕೈ ಹಾಕಿ ಅಂಕಣದೊಳಗೆ ನಡೆಸಿಕೊಂಡು ಹೋದ. ಕುರಿಯನ್ನು ಕರೆದೊಯ್ಯುವವರೂ ಅಷ್ಟೇ ಪ್ರೀತಿಯಿಂದ ಹೆಗಲು ಸವರುತ್ತಾರೆ.

ಆಟದ ಬಗ್ಗೆ ಹೆಚ್ಚು ಹೇಳದಿರುವುದೇ ಅವನಿಗೆ ಮಾಡುವ ಉಪಕಾರ. ಎದುರಿನ ತಂಡದ ಉದ್ದನೆಯ ಮನುಷ್ಯನಿಗೆ ಎರಡೇ ಚೆಂಡಿನಲ್ಲಿ ವಿಷಯ ತಿಳಿಯಿತು. ಸೋರುವ ಜಾಗ ಸಿಕ್ಕ ನೀರಿನ ಹಾಗೆ, ಅಲ್ಲಿಂದ ಮುಂದೆ ಎಲ್ಲ ಚೆಂಡುಗಳೂ ಕರಡಣ್ಣನ ಕಡೆಗೇ ಹರಿದವು. ಒಂದು ಮೂಲೆಯಲ್ಲಿ ಅಡಗೋಣವೆಂದರೆ ಈ ಹಾಳು ಆಟದಲ್ಲಿ ಜಾಗ ತಿರುಗುತ್ತಲೇ ಇರುತ್ತದೆ. ಅವನು ಹೋದಲ್ಲಿಗೆ ಚೆಂಡು ವಿಳಾಸ ಹುಡುಕಿಕೊಂಡು ಬಂತು. ಹೆಗಲಿಗೆ ಬಡಿಯಿತು, ಕಿವಿಗೆ ಬಡಿಯಿತು, ಕೈಗೆ ಮಾತ್ರ ಸಿಗಲಿಲ್ಲ. ಅವನು ಹೊಡೆದ ಒಂದೇ ಒಂದು ಸರ್ವಿಸು ನೆಟ್ಟಿನ ತನಕ ಹೋಗಲಿಲ್ಲ, ದಾರಿಯಲ್ಲಿ ದೊಡ್ಡಣ್ಣನ ಬೋಳುತಲೆ ಸಿಕ್ಕಿತು. ರಟ್ಟಿನ ಕಾರ್ಖಾನೆಯವರು ಬೆವರುವ ಮೊದಲೇ ಗೆದ್ದರು.

ಎಲ್ಲರೂ ಕೈಕಾಲು ತೊಳೆಯುತ್ತಿರುವಾಗ ಕರಡಣ್ಣ ಸದ್ದಿಲ್ಲದೆ ಗೋದಾಮಿಗೆ ಹೋಗಿ ಕಾಗದದ ಕಟ್ಟುಗಳ ಹಿಂದೆ ಕೂತ. ಕ್ಯಾಂಟೀನಿನಲ್ಲಿ ಕುರ್ಚಿ ಎಳೆಯುವ ಸದ್ದು ಕೇಳಿಸುತ್ತಿತ್ತು. ತನ್ನದನ್ನು ತೆಗೆದು ಮೂಲೆಗಿಡುತ್ತಿರಬೇಕು. ನಾಳೆಯಿಂದ ಮತ್ತೆ ಆ ಕೆಟ್ಟ ಗಡಿಯಾರ. ಹಸಿವಾಗಿತ್ತು, ಆದರೂ ಏಳಲಿಲ್ಲ.

ಬಾಗಿಲಲ್ಲಿ ದೊಡ್ಡಣ್ಣನ ನೆರಳು ಬಿತ್ತು. ಅವನು ಕಟ್ಟುಗಳ ನಡುವೆ ದಾರಿ ಮಾಡಿಕೊಂಡು ಬಂದು ಪಕ್ಕದಲ್ಲಿ ಕೂತ.

"ಊಟಕ್ಕೆ ಯಾಕೋ ಬರ್ಲಿಲ್ಲ?"

"ಯಾವ ಮುಖ ಹೊತ್ಕೊಂಡು ಬರ್ಲಿ ದೊಡ್ಡಣ್ಣ? ನನ್ನಿಂದ ಸೋತ್ವಿ."

"ಸೋತಿದ್ದಾ? ಅದೇನು ಹೊಸದಾ? ಅವರ ಮುಂದೆ ನಾವು ಪ್ರತಿ ವರ್ಷವೂ ಸೋಲ್ತೀವಿ. ಹೋದ ಸಲ ಸೋತಾಗ ಮಸಿ ಡ್ರೈವರನ ಮೇಲೆ ತಟ್ಟೆ ಎಸೆದ. ಡ್ರೈವರು ನನ್ನ ಬೈದ. ಒಂದು ತಿಂಗಳು ಆ ಮೇಜಲ್ಲಿ ಯಾರೂ ಯಾರ ಜೊತೆಗೂ ಮಾತಾಡಿಲ್ಲ. ಇವತ್ತು ಕೇಳು."

ಕರಡಣ್ಣ ಕಿವಿಗೊಟ್ಟ. ಕ್ಯಾಂಟೀನಿನಿಂದ ನಗು ಅಲೆ ಅಲೆಯಾಗಿ ಬರುತ್ತಿತ್ತು.

"ಯಾರಿಂದ ಸೋತ್ವಿ ಅನ್ನೋದ್ರಲ್ಲಿ ಇವತ್ತು ಯಾರಿಗೂ ಅನುಮಾನವೇ ಇಲ್ಲ" ಎಂದ ದೊಡ್ಡಣ್ಣ ತೃಪ್ತಿಯಿಂದ. "ಜಗಳಕ್ಕೆ ಜಾಗ ಎಲ್ಲಿ? ಎಲ್ಲರೂ ಸೇರಿ ತೀರ್ಮಾನ ಮಾಡಿದ್ದೀವಿ. ಇನ್ಮೇಲೆ ನಿಂಗೆ ಬೆಂಚು ಇಲ್ಲ. ಪ್ರತಿ ಮ್ಯಾಚೂ ಆಡ್ತೀಯ. ಮುಂದಿನ ವಾರ ಸಾಬೂನಿನ ಕಾರ್ಖಾನೆ, ಅದರ ಮುಂದಿನ ವಾರ ಪೋಸ್ಟಾಫೀಸು."

"ದೊಡ್ಡಣ್ಣ..." ಕರಡಣ್ಣ ಅವನ ತೋಳು ಹಿಡಿದ. "ನಂಗೆ ಮೈ ಹುಷಾರಿಲ್ಲದೆ ಹೋದ್ರೆ?"

"ಆ ಯೋಚನೆಯೇ ಬೇಡ. ಇವತ್ತು ನೀನು ಅವರನ್ನ ನೋಡ್ಕೊಂಡಿದ್ದಕ್ಕಿಂತ ಚೆನ್ನಾಗಿ ಅವರು ನಿನ್ನ ನೋಡ್ಕೋತಾರೆ. ಮಸಿ ಆಗಲೇ ಪಾತ್ರೇಲಿ ನೀರಿಟ್ಟಿದ್ದಾನೆ." ದೊಡ್ಡಣ್ಣ ಅವನ ಬೆನ್ನು ತಟ್ಟಿ ಎದ್ದು ಹೋದ.

ಸ್ವಲ್ಪ ಹೊತ್ತಿಗೆ ಗೋದಾಮಿನ ಮೆಟ್ಟಿಲ ಮೇಲೆ ಸದ್ದಾಯಿತು. ಬೈಂಡರು ಎರಡೆರಡು ಮೆಟ್ಟಿಲು ಒಟ್ಟಿಗೆ ಹಾರಿ ಬರುತ್ತಿದ್ದ, ಕುಂಟಿನ ಸುಳಿವೇ ಇರಲಿಲ್ಲ. ಒಂದು ತಟ್ಟೆಯ ಮೇಲೆ ಇನ್ನೊಂದು ತಟ್ಟೆ ಮುಚ್ಚಿಕೊಂಡು, ಬಿಸಿ ಆರದ ಹಾಗೆ ಎದೆಗವುಚಿ ತಂದಿದ್ದ. ಇನ್ನು ಮುಂದೆ ಏಳನೆಯವನು ಅವನೇ. ಅವನ ಮುಖದ ಮೇಲಿದ್ದ ನೆಮ್ಮದಿಯನ್ನು ಕರಡಣ್ಣ ತಕ್ಷಣ ಗುರುತಿಸಿದ. ಬೆಂಚಿನ ಮೇಲೆ ಕೂತವನಿಗಲ್ಲದೆ ಅಂಥ ನೆಮ್ಮದಿ ಬೇರೆ ಯಾರಿಗೂ ಇರುವುದಿಲ್ಲ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಬೈಂಡರು ಕಣ್ಣು ತಗ್ಗಿಸಿದ. ಮೇಲಿನ ತಟ್ಟೆ ತೆಗೆದು, ಬಿಸಿ ಊಟವನ್ನು ಕರಡಣ್ಣನ ಕೈಗಿಟ್ಟ.