ಯಾರೂ ಸಾಯದ ಹಿಂದಿ ಚಿತ್ರಗಳು

ಡೆಟ್ರಾಯಿಟ್ ಸುತ್ತಲಿನ ಮೂವತ್ತು ಮೈಲಿಯೊಳಗೆ ಹಳೆಯ ಹಿಂದಿ ಚಿತ್ರಗಳ ಬಗ್ಗೆ ಅಧಿಕಾರವಾಣಿಯಿಂದ ಮಾತನಾಡಬಲ್ಲ ಕನ್ನಡಿಗ ನಾನೊಬ್ಬನೇ ಎಂಬ ಮಾತು ಕಳೆದ ಏಪ್ರಿಲ್ ತಿಂಗಳ ಎರಡನೇ ಶನಿವಾರ ಮಧ್ಯಾಹ್ನ ಎರಡು ಗಂಟೆಯವರೆಗೂ ನಿಜವಾಗಿತ್ತು. ಐದು ಗಂಟೆಯ ಹೊತ್ತಿಗೆ ಮುಗಿದುಹೋಗಿತ್ತು. ಮೂರೇ ಗಂಟೆಯಲ್ಲಿ ಅಷ್ಟು ಎತ್ತರದಿಂದ ಇಷ್ಟು ಆಳಕ್ಕೆ ಬಿದ್ದ ಇನ್ನೊಬ್ಬ ಮನುಷ್ಯ ಮಿಶಿಗನ್ ರಾಜ್ಯದಲ್ಲಿ ಇರಲಾರ.

ನನ್ನ ಆ ಕೀರ್ತಿ ಬೆಳೆದದ್ದು ಬೇಸ್‌ಮೆಂಟುಗಳಲ್ಲಿ. ನಮ್ಮ ಫಾರ್ಮಿಂಗ್ಟನ್ ಹಿಲ್ಸ್‌ನಲ್ಲಿ ಯಾರ ಮನೆಯಲ್ಲಿ ಊಟವಿದ್ದರೂ ಕೈ ತೊಳೆದ ಮೇಲೆ ಹೆಂಗಸರು ಅಡುಗೆಮನೆಯಲ್ಲೇ ನಿಂತು ಮಾತಿಗಿಳಿಯುತ್ತಾರೆ, ಗಂಡಸರು ಮೆಟ್ಟಿಲಿಳಿದು ಪಾತಾಳ ಸೇರುತ್ತಾರೆ. ಪಾತಾಳದಲ್ಲಿ ನಾನು ಹಳೆಯ ಹಿಂದಿ ಚಿತ್ರಗಳ ಕಥೆ ಹೇಳುತ್ತಿದ್ದೆ. ಯಾವ ನಟ ಎಲ್ಲಿ ತಲೆ ಬಗ್ಗಿಸಿದ, ಯಾವ ನಟಿ ಯಾವ ಕಣ್ಣಿನಿಂದ ಮೊದಲು ನೀರು ಹಾಕಿದಳು, ಎಲ್ಲ. ಕೇಳುಗರು ಮಂಡ್ಯ, ಹಾಸನ, ತುಮಕೂರಿನ ಇಂಜಿನಿಯರುಗಳು. ಹಿಂದಿಯನ್ನು ಮೂವತ್ತೈದು ಅಂಕಕ್ಕಷ್ಟೇ ಓದಿದ ಸಜ್ಜನರು. (ಈ ವಿವರವನ್ನು ದಯವಿಟ್ಟು ಗಮನದಲ್ಲಿಡಿ. ನನ್ನ ಕೀರ್ತಿಗೆ ಇದ್ದ ಅಡಿಪಾಯ ಇದೊಂದೇ.)

ಈ ಜ್ಞಾನ ನನಗೆ ಬಂದದ್ದು ಅಪ್ಪನಿಂದ. ನನಗೆ ಏಳು ವರ್ಷ. ಮೈಸೂರಿನಲ್ಲಿ ಭಾನುವಾರದ ಮಾರ್ನಿಂಗ್ ಶೋಗೆ ಹಳೆಯ ಕಪ್ಪು-ಬಿಳುಪು ಹಿಂದಿ ಚಿತ್ರ ಹಾಕುತ್ತಿದ್ದರು. ಅಂಚೆ ಕಚೇರಿಯಲ್ಲಿ ಗುಮಾಸ್ತರಾಗಿದ್ದ ಅಪ್ಪ ಸುಮಾರು ಎಂಟು ತಿಂಗಳು ಒಂದು ವಾರವೂ ತಪ್ಪದೆ ನನ್ನನ್ನು ಕರೆದುಕೊಂಡು ಹೋದರು. ಪಕ್ಕದಲ್ಲಿ ಕೂತು, ನನ್ನ ಕಿವಿಗೆ ಬಾಯಿ ತಂದು, ಪ್ರತಿ ದೃಶ್ಯದ ಕಥೆಯನ್ನೂ ಕನ್ನಡದಲ್ಲಿ ಹೇಳುತ್ತಿದ್ದರು. ಆ ಕಥೆಗಳು ಎಷ್ಟು ಗಟ್ಟಿಯಾಗಿ ಕೂತವೆಂದರೆ, ಮುಂದೆ ಆ ಚಿತ್ರಗಳನ್ನು ಮತ್ತೆ ನೋಡುವ ಅಗತ್ಯವೇ ನನಗೆ ಕಾಣಲಿಲ್ಲ. ಹಾಡು ಬಂದರೆ ಕೇಳುತ್ತಿದ್ದೆ, ಅಷ್ಟೆ.

ನಮ್ಮ ಪಕ್ಕದೂರಿನ ಲೈಬ್ರರಿಯಲ್ಲಿ ಸ್ವಯಂಸೇವಕಿಯಾಗಿರುವ ಸ್ವರೂಪ ಎಂಬ ಹುಡುಗಿ ಒಂದು ದಿನ ಫೋನ್ ಮಾಡಿದಳು.

"ಅಂಕಲ್, ವರ್ಲ್ಡ್ ಸಿನಿಮಾ ಅಂತ ಒಂದು ಪ್ರೋಗ್ರಾಂ. ಒಂದು ಕ್ಲಾಸಿಕ್ ಹಿಂದಿ ಫಿಲ್ಮ್ ಹಾಕ್ತಿದೀವಿ. ಅದರಲ್ಲಿ ಅಮ್ಮನ ಪಾರ್ಟ್ ಮಾಡಿದಾರಲ್ಲ, ಆ ಆಕ್ಟಿಂಗ್ ಬಗ್ಗೆ ಮೊದಲು ಇಪ್ಪತ್ತು ನಿಮಿಷ ಮಾತಾಡ್ತೀರಾ? ನಿಮ್ಮ ಬಿಟ್ರೆ ಯಾರೂ ಇಲ್ಲ ಅಂತ ಬೇಸ್‌ಮೆಂಟಲ್ಲಿ ಎಲ್ಲರೂ ಹೇಳ್ತಾರಂತೆ."

ಚಿತ್ರದ ಹೆಸರು ಹೇಳಿದಳು. ನನಗೆ ರೋಮಾಂಚನವಾಯಿತು. ಅಪ್ಪನ ಜೊತೆ ನೋಡಿದ್ದ ಚಿತ್ರ! (ಹೆಸರನ್ನು ನಾನಿಲ್ಲಿ ಹೇಳುವುದಿಲ್ಲ. ಉಳಿದಿರುವ ಚೂರುಪಾರು ಮಾನವಾದರೂ ಇರಲಿ.)

ನನ್ನ ಹೆಂಡತಿ ಶೈಲಾ ಹುಬ್ಬಳ್ಳಿಯವಳು. ಹಿಂದಿ ಅವಳಿಗೆ ನೀರು ಕುಡಿದಷ್ಟು ಸಲೀಸು. ಆದರೆ ನಾನು ಕಥೆ ಹೇಳುವಾಗ ಅವಳು ಸದಾ ಒಂದು ಮಹಡಿ ಮೇಲೆ ಇರುತ್ತಿದ್ದಳಾದ್ದರಿಂದ ಇಪ್ಪತ್ತೆರಡು ವರ್ಷದಲ್ಲಿ ನನ್ನ ಒಂದು ಉಪನ್ಯಾಸವನ್ನೂ ಕೇಳಿರಲಿಲ್ಲ.

"ಭಾಷಣಾ ಮಾಡೂಕಿಂತ ಮೊದಲ ಆ ಪಿಕ್ಚರ್ ಒಮ್ಮೆ ಸಬ್‌ಟೈಟಲ್ ಹಚ್ಚಿ ನೋಡ್ರಿ," ಎಂದಳು.

"ಸಬ್‌ಟೈಟಲ್ಲಾ? ನನಗಾ? ಆ ಸಿನಿಮಾ ನನ್ನ ರಕ್ತದಲ್ಲಿದೆ ಕಣೇ."

"ರಕ್ತದಾಗ ಶುಗರ್ ಐತಿ ಅಂತ ಡಾಕ್ಟರ್ ಹೇಳ್ಯಾರ. ಸಿನಿಮಾದ್ದೇನೂ ಹೇಳಿಲ್ಲ."

ಇಂಥ ಮಾತಿಗೆಲ್ಲ ಉತ್ತರ ಕೊಡುವುದು ವಿದ್ವಾಂಸರ ಲಕ್ಷಣವಲ್ಲ. ಡಿಯರ್‌ಬಾರ್ನಿನ ಆಫೀಸಿಗೆ ಹೋಗಿಬರುವ ದಾರಿಯುದ್ದಕ್ಕೂ ಕಾರಿನಲ್ಲಿ ಭಾಷಣ ಅಭ್ಯಾಸ ಮಾಡಿದೆ. ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನವರು ಕಿಟಕಿ ಏರಿಸಿಕೊಂಡರು.

ಶನಿವಾರ ಬಂತು. ಅರವತ್ತು ಕುರ್ಚಿಯೂ ತುಂಬಿತ್ತು. ಅರ್ಧದಷ್ಟು ಹಿಂದಿ ಮಾತಾಡುವ ಹಿರಿಯರು, ಉಳಿದವರು ನಿವೃತ್ತ ಅಮೆರಿಕನ್ನರು. ಮುಂದಿನ ಸಾಲಿನಲ್ಲಿ ಶೈಲಾ, ಪಕ್ಕದಲ್ಲಿ ನಮ್ಮ ಹದಿನಾರು ವರ್ಷದ ಮಗಳು ಇಳಾ. ನಾನು ರೇಷ್ಮೆ ಜುಬ್ಬಾ ತೊಟ್ಟು ಮೈಕ್ ಹಿಡಿದೆ.

ಚಿತ್ರದ ಕಥೆ ಸರಳ. ಒಬ್ಬ ಬಡತಾಯಿ ಹಗಲಿರುಳು ಬಟ್ಟೆ ಹೊಲಿದು ಮಗನನ್ನು ಪಟ್ಟಣದಲ್ಲಿ ಓದಿಸುತ್ತಾಳೆ. ಕೊನೆಯಲ್ಲಿ ಮಗ ಪದವಿ ಪಡೆದು ಮನೆಯ ಬಾಗಿಲಿಗೆ ಬಂದು ನಿಲ್ಲುತ್ತಾನೆ. ತಾಯಿ ಹೊಲಿಗೆ ಯಂತ್ರದಿಂದ ತಲೆಯೆತ್ತಿ ನೋಡುತ್ತಾಳೆ, ಸಣ್ಣಗೆ ನಗುತ್ತಾಳೆ, ಕಣ್ಣು ಮುಚ್ಚುತ್ತಾಳೆ. ಯಂತ್ರದ ಚಕ್ರದ ಮೇಲಿದ್ದ ಕೈ ಮೆಲ್ಲಗೆ ಜಾರುತ್ತದೆ.

"ಮಹನೀಯರೇ," ಎಂದೆ ಇಂಗ್ಲಿಷಿನಲ್ಲಿ, "ಸಾಯುವ ನಟನೆಯನ್ನು ಯಾರು ಬೇಕಾದರೂ ಮಾಡಿಯಾರು. ಆದರೆ ನಿದ್ದೆ? ವರ್ಷಗಟ್ಟಲೆ ದುಡಿದ ತಾಯಿಗೆ ಮಗ ಬಂದನೆಂಬ ನೆಮ್ಮದಿಯಲ್ಲಿ ಹತ್ತುವ ಆ ನಿದ್ದೆ? ಜಗತ್ತಿನ ಚಿತ್ರರಂಗದಲ್ಲೇ ಇದು ನಿದ್ರೆಯ ಅತ್ಯುನ್ನತ ಅಭಿನಯ! ಮಗ 'ಮಾ' ಎಂದು ಕೂಗುತ್ತಾನೆ. ಹೆಗಲು ಹಿಡಿದು ಅಲುಗಿಸುತ್ತಾನೆ. ಆಕೆ ಏಳುವುದಿಲ್ಲ! ರೆಪ್ಪೆಯೂ ಅಲುಗುವುದಿಲ್ಲ! ಎಂಥ ಗಾಢನಿದ್ರೆ! ಊರವರು ಮಗನ ಸ್ವಾಗತಕ್ಕೆಂದು ಹೊಳೆದಂಡೆಯಲ್ಲಿ ದೊಡ್ಡ ಬೆಂಕಿ ಹಾಕುತ್ತಾರೆ. ಹಳೆಯ ಹಿಂದಿ ಚಿತ್ರಗಳ ಹೆಚ್ಚುಗಾರಿಕೆಯೇ ಇದು. ಅಲ್ಲಿ ಯಾರೂ ಸಾಯುವುದಿಲ್ಲ!"

ಹಿರಿಯರೊಬ್ಬರಿಗೆ ಕೆಮ್ಮು ಹತ್ತಿತು. ಇನ್ನೊಬ್ಬರು ಕರವಸ್ತ್ರದಿಂದ ಮುಖ ಮುಚ್ಚಿಕೊಂಡರು. ನನ್ನ ಮಾತಿಗೆ ಕರಗಿದರೆಂದುಕೊಂಡು ಇನ್ನೂ ಐದು ನಿಮಿಷ ಮಾತಾಡಿದೆ.

ದೀಪ ಆರಿತು, ಚಿತ್ರ ಶುರುವಾಯಿತು. ಕೆಳಗೆ ಇಂಗ್ಲಿಷ್ ಅಕ್ಷರಗಳು ಬರತೊಡಗಿದವು. ಕೊನೆಯ ದೃಶ್ಯಕ್ಕೆ ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ. ತಾಯಿ ನಕ್ಕಳು, ಕಣ್ಣು ಮುಚ್ಚಿದಳು, ಕೈ ಜಾರಿತು. ವೈದ್ಯನೊಬ್ಬ ಬಂದು ನಾಡಿ ಹಿಡಿದು ತಲೆಯಾಡಿಸಿದ. ಕೆಳಗೆ ಸಬ್‌ಟೈಟಲ್ ಬಂತು: ಆಕೆ ಇನ್ನಿಲ್ಲ.

ಇಳಾ ನನ್ನ ಕಡೆ ಬಾಗಿದಳು. "ಡ್ಯಾಡ್, ಶೀ ಈಸ್ ಡೆಡ್."

"ಶ್! ಸ್ವಲ್ಪ ಇರು. ಬೆಳಿಗ್ಗೆ ಏಳ್ತಾಳೆ."

"ಡ್ಯಾಡ್. ದೇ ಆರ್ ಕ್ರಿಮೇಟಿಂಗ್ ಹರ್."

ಹೊಳೆದಂಡೆಯ ಬೆಂಕಿ ಪರದೆ ತುಂಬ ಉರಿಯುತ್ತಿತ್ತು. ಅದರ ಬೆಳಕಿನಲ್ಲಿ ಅರವತ್ತು ಜನ ನನ್ನ ಮುಖ ನೋಡುತ್ತಿದ್ದರು. ಅಂಥ ಕರುಳು ಹಿಂಡುವ ದೃಶ್ಯಕ್ಕೆ ಪ್ರೇಕ್ಷಕರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದು ಆ ಚಿತ್ರದ ಇತಿಹಾಸದಲ್ಲಿ ಅದೇ ಮೊದಲಿರಬೇಕು. ಪ್ರಶ್ನೋತ್ತರದ ಸಮಯದಲ್ಲಿ ಒಬ್ಬ ಅಮೆರಿಕನ್ ಅಜ್ಜಿ ಕೈಯೆತ್ತಿ, ಬಹಳ ವಿನಯದಿಂದ, ಮಲಗಿದವರನ್ನು ಸುಡುವುದು ನಿಮ್ಮಲ್ಲಿ ವಾಡಿಕೆಯೇ ಎಂದು ಕೇಳಿದರು.

ವಾಪಸು ಬರುವಾಗ ಶೈಲಾ ಕಾರು ಓಡಿಸಿದಳು. ನನ್ನ ಕೈಗೆ ಸ್ಟಿಯರಿಂಗ್ ಕೊಡುವ ಧೈರ್ಯ ಅವಳಿಗಿರಲಿಲ್ಲ. ಹೆದ್ದಾರಿಗೆ ಇಳಿಯುತ್ತಲೇ, ಕಥೆ ಅಪ್ಪ ಹೇಳಿದ್ದೆಂದು ನಾನು ಬಾಯಿಬಿಟ್ಟೆ, ವಿಚಾರಣೆ ಶುರುವಾಯಿತು.

"ಹಳೇ ಪಿಕ್ಚರ್‌ನ್ಯಾಗ ಹೀರೋಯಿನ್ ಒಮ್ಮೆಲೆ ಬಿಳಿ ಸೀರಿ ಉಡತಾಳಲ್ರಿ. ಅದಕ್ಕೇನಂತಿದ್ರು ನಿಮ್ಮಪ್ಪಾರು?"

"ನರ್ಸ್ ಕೆಲಸಕ್ಕೆ ಸೇರಿದಳು ಅಂತ."

"ಬಳಿ ಒಡಕೊಂಡಿದ್ದು?"

"ನರ್ಸ್‌ಗಳು ಬಳೆ ಹಾಕ್ಕೊಳ್ಳೋ ಹಾಗಿಲ್ಲವಲ್ಲ."

"ಹೀರೋ ಕೆಮ್ಮಿದಾಗ ಕರವಸ್ತ್ರದಾಗ ಕರೀ ಕಲೆ ಕಾಣಸ್ತಿತ್ತಲ್ಲ?"

"ಎಲೆ-ಅಡಿಕೆ."

"ಗಂಡನ ಫೋಟೋಕ್ಕ ಹಾರ?"

"ಆಫೀಸಲ್ಲಿ ಸನ್ಮಾನ ಆಯ್ತು ಅಂತ," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

ಶೈಲಾ ಕಾರನ್ನು ಮುಂದಿನ ಎಕ್ಸಿಟ್‌ನಲ್ಲಿ ಇಳಿಸಿ ಒಂದು ಪೆಟ್ರೋಲ್ ಬಂಕಿನ ಪಕ್ಕ ನಿಲ್ಲಿಸಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ನಿಂತ ಮೇಲೆ, "ಪಾಪ, ಮಾವನವರಿಗೆ ಹಿಂದಿ ಬರತಿರಲಿಲ್ಲ ಕಾಣಸ್ತದ. ತಿಳದಂಗ ಹೇಳ್ಯಾರ," ಎಂದಳು.

ನನ್ನ ಮಾನ ಹೋದರೆ ಹೋಗಲಿ, ತೀರಿಕೊಂಡ ಅಪ್ಪನ ಮಾನ ಉಳಿಯಲೇಬೇಕೆಂದು ಮರುದಿನ ಬೆಳಿಗ್ಗೆ ಮೈಸೂರಿಗೆ ಫೋನ್ ಮಾಡಿದೆ. ನನ್ನ ತಾಯಿ ದೇವಮ್ಮನಿಗೆ ಎಪ್ಪತ್ತೆಂಟು. ತಂಗಿಯ ಮನೆಯಲ್ಲಿದ್ದಾಳೆ. ಕಿವಿ, ಕಣ್ಣು, ನಾಲಿಗೆ ಮೂರೂ ಚುರುಕು.

"ಅಮ್ಮ, ಅಪ್ಪನಿಗೆ ಹಿಂದಿ ಬರ್ತಿತ್ತಾ?"

"ಬರದೆ ಏನು? ಮದುವೆಗೆ ಮುಂಚೆ ಮೂರು ವರ್ಷ ನಾಗಪುರದ ಪೋಸ್ಟಾಫೀಸಲ್ಲಿ ಇದ್ರು. ನೀರಿನ ಹಾಗೆ ಮಾತಾಡೋರು. ಯಾಕೋ ನಿರಂಜನ?"

ನಡೆದದ್ದನ್ನೆಲ್ಲ ಹೇಳಿದೆ. ಅಮ್ಮ ತಿರುಗಿ ನನ್ನನ್ನೇ ಕೇಳಿದಳು.

"ನಿನಗೆ ಏಳು ವರ್ಷ ಆಗಿದ್ದಾಗ ನಾನೆಲ್ಲಿದ್ದೆ, ಜ್ಞಾಪಕ ಇದೆಯಾ?"

ಇತ್ತು. ಅಮ್ಮ ಎದೆಯ ಕಾಯಿಲೆಯಿಂದ ಎಂಟು ತಿಂಗಳು ಆಸ್ಪತ್ರೆಯಲ್ಲಿದ್ದಳು. ಮಕ್ಕಳನ್ನು ಒಳಗೆ ಬಿಡುತ್ತಿರಲಿಲ್ಲ. ಆ ಎಂಟು ತಿಂಗಳನ್ನೂ ಸಿನಿಮಾದ ಎಂಟು ತಿಂಗಳನ್ನೂ ನಾನು ಒಂದು ದಿನವೂ ಒಟ್ಟಿಗೆ ಇಟ್ಟು ನೋಡಿರಲಿಲ್ಲ.

"ಭಾನುವಾರ ನಿನ್ನ ಮನೇಲಿ ಇಟ್ಕೊಂಡು ಕೂತ್ರೆ ಅಮ್ಮ ಎಲ್ಲಿ, ಅಮ್ಮ ಎಲ್ಲಿ ಅಂತ ಪ್ರಾಣ ತಿಂತಿದ್ದೆಯಂತೆ. ಅದಕ್ಕೆ ಸಿನಿಮಾಕ್ಕೆ ಕರ್ಕೊಂಡು ಹೋಗೋರು. ಹೋದ್ರೆ ಅಲ್ಲೂ ಹಾಳಾದೋರು ಅಮ್ಮನ್ನೇ ಸಾಯಿಸೋರು! ಸಾಯಂಕಾಲ ನಾಲ್ಕು ಗಂಟೆಗೆ ನನ್ನ ಮಂಚದ ಪಕ್ಕ ಬಂದು ಕೂತ್ಕೊಂಡು, 'ಇವತ್ತೂ ಸಾಯಿಸಿಬಿಟ್ರು ಕಣೇ. ಮಲಗಿದಾಳೆ, ಬೆಳಿಗ್ಗೆ ಏಳ್ತಾಳೆ ಅಂತ ಹೇಳಿದೀನಿ. ನೀನು ಬೇಗ ಎದ್ದು ಬಂದುಬಿಡು, ನನ್ನ ಕೈಲಿ ಇನ್ನು ಕಥೆ ಕಟ್ಟೋಕೆ ಆಗಲ್ಲ' ಅನ್ನೋರು. ನಾನು ನಗೋದು ನೋಡಿ ನರ್ಸ್ ಬಂದು ಬೈಯೋಳು."

ಅಮ್ಮ ಮುಂದುವರಿಸಿದಳು. "ಆ ನಗುವಿನಿಂದಲೇ ನಾನು ಉಳ್ಕೊಂಡೆ ಅಂತ ಈಗಲೂ ಅಂದ್ಕೋತೀನಿ. ಡಾಕ್ಟರ್ ಮಾತ್ರೆ ಅಂತಾರೆ. ಇರಲಿ."

ಕತ್ತಲ ಥಿಯೇಟರಿನಲ್ಲಿ, ಹೆಂಡತಿ ಉಳಿಯುತ್ತಾಳೋ ಇಲ್ಲವೋ ಗೊತ್ತಿಲ್ಲದ ಒಬ್ಬ ಗುಮಾಸ್ತ, ಪರದೆಯ ಮೇಲೆ ಸಾಯುವವರನ್ನು ನೋಡುತ್ತ, ನೋಡುತ್ತಲೇ ಮಗನ ಕಿವಿಯಲ್ಲಿ ಅವರನ್ನೆಲ್ಲ ಬದುಕಿಸುತ್ತ ಕೂತಿದ್ದಾನೆ. ಅವನ ದನಿ ಒಂದು ದಿನವೂ ನಡುಗಿದ್ದು ನನಗೆ ನೆನಪಿಲ್ಲ. ನಾನು ಲೈಬ್ರರಿಯಲ್ಲಿ ಮಹಾನಟನೆ ಎಂದು ಇಪ್ಪತ್ತು ನಿಮಿಷ ಕೊರೆದದ್ದು ಯಾವುದನ್ನು, ಕೊರೆಯಬೇಕಾಗಿದ್ದದ್ದು ಯಾವುದನ್ನು!

ಅಂದು ಮಧ್ಯಾಹ್ನವೇ ಆ ಚಿತ್ರಗಳನ್ನೆಲ್ಲ ಹುಡುಕಿ, ಸಬ್‌ಟೈಟಲ್ ಹಾಕಿ, ಸಾಲಾಗಿ ನೋಡಲು ಕೂತೆ. ದೇವರೇ! ಎಷ್ಟು ಸಾವು! ಬೇರೆಯವರೆಲ್ಲ ಒಬ್ಬೊಬ್ಬರಿಗಾಗಿ ಬಿಡುವು ಮಾಡಿಕೊಂಡು ವರ್ಷಗಟ್ಟಲೆ ಅತ್ತು ಮುಗಿಸಿದ್ದಾರೆ. ನಾನು ಐವತ್ತೆರಡನೆಯ ವಯಸ್ಸಿನಲ್ಲಿ ಒಂದೇ ಭಾನುವಾರ ಮೂರು ತಾಯಂದಿರು, ಇಬ್ಬರು ಗಂಡಂದಿರು ಮತ್ತು ಒಂದು ನಿಷ್ಠಾವಂತ ಕುದುರೆಯನ್ನು ಕಳೆದುಕೊಂಡೆ. ಶೈಲಾ ಪಕ್ಕದಲ್ಲಿ ಕೂತು ಸಬ್‌ಟೈಟಲ್ಲಿಗೆ ಸಿಗದ ಮಾತುಗಳನ್ನು ಬಿಡಿಸಿ ಹೇಳಿದಳು. ಒಮ್ಮೆಯೂ ನಗಲಿಲ್ಲ. ಕುದುರೆಗೆ ಮಾತ್ರ ಅವಳೂ ಅತ್ತಳು.

ಸೋಮವಾರ ನನ್ನ ಕಣ್ಣುಗಳು ಬೋಂಡದ ಹಾಗೆ ಊದಿದ್ದವು. ಆಫೀಸಿನಲ್ಲಿ ಮ್ಯಾನೇಜರ್ ಹೆಂಗಸು ಹತ್ತಿರ ಬಂದು, ಏನಾಯಿತು ಎಂದು ಮೆಲ್ಲಗೆ ಕೇಳಿದಳು. ನಾನು, "ತಾಯಿ... ತೀರಿಕೊಂಡಳು..." ಎಂದೆ. ಹೊಲಿಗೆ ಯಂತ್ರದ ಮೇಲಿನ ಆ ಕೈ ಕಣ್ಣ ಮುಂದೆ ಬಂತು; "ಸಿನಿಮಾದಲ್ಲಿ" ಎಂಬುದನ್ನು ಕರವಸ್ತ್ರದೊಳಗೇ ಹೇಳಿ ಮುಗಿಸಿದೆ. ಆಕೆ ನನ್ನ ಹೆಗಲು ತಟ್ಟಿ, ಮನೆಗೆ ಹೋಗು ಎಂದಳು. ಎಂಥ ಸೂಕ್ಷ್ಮ ಮನಸ್ಸು, ಸಿನಿಮಾದ ದುಃಖಕ್ಕೂ ರಜೆ ಕೊಟ್ಟಳಲ್ಲ ಎಂದು ಮೆಚ್ಚಿಕೊಂಡು ಮನೆಗೆ ಬಂದೆ.

ಶನಿವಾರ ಬೆಳಿಗ್ಗೆ ಕಾಲಿಂಗ್ ಬೆಲ್ ಆಯಿತು. ಆಳೆತ್ತರದ ಬಿಳಿ ಹೂವಿನ ಬುಟ್ಟಿಯೊಂದನ್ನು ಇಳಾ ತಬ್ಬಿ ಹಿಡಿದು ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು. ಅಲ್ಲೇ ಒರಗಿಸಿಟ್ಟಿದ್ದ ಫೋನಿನಲ್ಲಿ ಅಮ್ಮ ವಿಡಿಯೋ ಕಾಲ್ ಮೇಲಿದ್ದಳು.

"ಎಷ್ಟು ಚೆನ್ನಾಗಿದೆಯೋ! ಯಾರು ಕಳಿಸಿದ್ದು?"

"ಆಫೀಸಿನೋರು ಅಮ್ಮ. ಯಾಕೋ ಗೊತ್ತಿಲ್ಲ. ಒಳ್ಳೆ ಕೆಲಸ ಮಾಡಿದೀನಿ ಅಂತ ಇರಬೇಕು."

ಹತ್ತು ಸಲ ಹೇಳಿದರೂ ಒಂದು ಲೋಟ ಎತ್ತಿಡದ ಇಳಾ, ಯಾರೂ ಹೇಳದೆಯೇ ಕಾರ್ಡ್ ಬಿಡಿಸಿ ಗಟ್ಟಿಯಾಗಿ ಓದಿದಳು: "ವಿ ಆರ್ ಡೀಪ್ಲಿ ಸಾರಿ ಫಾರ್ ದಿ ಲಾಸ್ ಆಫ್ ಯುವರ್ ಮದರ್."

ಅಮ್ಮ ಫೋನಿಗೆ ಮುಖ ಹತ್ತಿರ ತಂದಳು.

"ಮದರ್ ಅಂದ್ರೆ ನಾನೇ ಅಲ್ವೇನೋ?" ಎಂದಳು ಅಮ್ಮ.

ಶೈಲಾ ಫ್ರಿಜ್ಜಿಗೆ ಒರಗಿ ನಗು ಮುಚ್ಚಿಕೊಳ್ಳಲು ಸೆರಗಿಲ್ಲದ ಚೂಡಿದಾರದಲ್ಲಿ ಸೆರಗು ಹುಡುಕುತ್ತಿದ್ದಳು. ನಾನು ತಡವರಿಸುತ್ತ ಸೋಮವಾರದ ಸಂಗತಿ ಹೇಳಿದೆ. ಅಮ್ಮ ನಕ್ಕ ನಗುವಿಗೆ ಫೋನ್ ಒರಗಿದಲ್ಲಿಂದ ಜಾರಿತು.

"ಅಲ್ಲ ಕಣೋ, ನಿಮ್ಮಪ್ಪ ಸತ್ತೋರನ್ನೆಲ್ಲ ಬದುಕಿಸಿಟ್ಟರು. ನೀನು ಬದುಕಿರೋಳನ್ನ ಸಾಯಿಸಿಬಿಟ್ಟೆಯಲ್ಲೋ!" ಎಂದು ಕಣ್ಣೊರೆಸಿಕೊಂಡು, "ಇಳಾ ಪುಟ್ಟಾ, ಯಾರ್ಯಾರು ಸೈನ್ ಹಾಕಿದಾರೆ ಓದು. ಪಾಪ, ಗುರುತಿಲ್ಲ ಪರಿಚಯ ಇಲ್ಲ, ನನಗೋಸ್ಕರ ಹೂವು ಕಳಿಸಿದಾರೆ. ಎಲ್ಲರಿಗೂ ನಾನು ಥ್ಯಾಂಕ್ಸ್ ಹೇಳಿದೆ ಅಂತ ಹೇಳೋ," ಎಂದಳು.

ತಾಯಿಯ ಮಾತು ಮೀರುವುದುಂಟೆ? ಸೋಮವಾರ ನಿಜ ಹೇಳಿ ಕ್ಷಮೆ ಕೇಳಬೇಕೆಂದೇ ಮ್ಯಾನೇಜರ್ ಕೋಣೆಗೆ ಹೋಗಿ, "ಹೂವಿಗಾಗಿ ನಮ್ಮ ತಾಯಿ ನಿಮಗೆ ಥ್ಯಾಂಕ್ಸ್ ಹೇಳಿದ್ದಾರೆ," ಎಂದು ಶುರುಮಾಡಿದೆ.

ಆಕೆ ಎರಡೂ ಕೈ ಎದೆಗಿಟ್ಟುಕೊಂಡಳು. ಕಣ್ಣು ತುಂಬಿ ಬಂತು. "ಅವರು ಈಗ ನೆಮ್ಮದಿಯಾಗಿದ್ದಾರೆ, ನಿರಂಜನ್," ಎಂದಳು.

ಗಡಿಯಾರ ನೋಡಿದೆ. ಮೈಸೂರಿನಲ್ಲಿ ಸಂಜೆ ಏಳೂವರೆ. ಅಮ್ಮ ಕಾಲು ಚಾಚಿಕೊಂಡು ಧಾರಾವಾಹಿ ನೋಡುತ್ತ ಚುರುಮುರಿ ತಿನ್ನುವ ಹೊತ್ತು.

ಹೌದು, ಬಹಳ ನೆಮ್ಮದಿಯಾಗಿದ್ದಾರೆ ಎಂದೆ.