ಷಡ್ಡಕನ ಕಾರಿನ ತಂಪು

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಅಂತಸ್ತು ಬೇಕು. ಮಂದಿ ಬೇರೆಯವರ ನೀರಾವರಿ ಹೊಲ ನೋಡಿ, ಮಹಡಿ ಮನೆ ನೋಡಿ ಕರುಬುತ್ತಾರೆ. ನಾನು ಕರುಬಿದ್ದು ಗಾಳಿಗೆ. ನನ್ನ ಷಡ್ಡಕ ಬಸಣ್ಣನ ಕಾರಿನ ಕಿಂಡಿಗಳಿಂದ ಬರುವ ತಣ್ಣನೆಯ ಗಾಳಿಗೆ. ಬಸಣ್ಣನೆಂದರೆ ನನ್ನ ಹೆಂಡತಿಯ ಅಕ್ಕನ ಗಂಡ, ಹರಪನಹಳ್ಳಿಯಲ್ಲಿ ಶೇಂಗಾ ವ್ಯಾಪಾರಿ. ನಾನು ಕೊಟ್ಟೂರಿನಲ್ಲಿ ಬಟ್ಟೆ ಅಂಗಡಿ ಇಟ್ಟವನು. ಅವನ ಕಾರು ನನ್ನದಕ್ಕಿಂತ ಹಳೆಯದು, ಬಾಗಿಲನ್ನು ಜೋರಾಗಿ ಬಡಿಯದಿದ್ದರೆ ಮುಚ್ಚುವುದಿಲ್ಲ. ಆದರೂ ಒಳಗೆ ಕೂತರೆ ಏಪ್ರಿಲ್ ತಿಂಗಳೂ ಕಾರ್ತಿಕವಾಗುತ್ತದೆ. ನನ್ನ ಕಾರಿನ ಎ.ಸಿ. ಮಾತ್ರ, ಯಾರೋ ಬಿಸಿ ಚಹಾ ಆರಿಸಿಕೊಳ್ಳುವಾಗ ಊದಿದಂಥ ಗಾಳಿ ಬಿಡುತ್ತಿತ್ತು.

ನನ್ನ ಅತ್ತೆಯವರ ಮನೆ ಹಗರಿಬೊಮ್ಮನಹಳ್ಳಿಯಲ್ಲಿದೆ. ಹಂಪಸಾಗರದಲ್ಲಿ ನೆಂಟರ ಹುಡುಗಿಯ ನಿಶ್ಚಿತಾರ್ಥಕ್ಕೆ ಅವರನ್ನು ಕರೆದೊಯ್ಯಲೆಂದು ನಾವಿಬ್ಬರೂ ಅಳಿಯಂದಿರು ಆ ಮನೆ ಮುಂದೆ ಕಾರು ನಿಲ್ಲಿಸಿದ್ದೆವು. ಅತ್ತೆ ನನ್ನ ಕಾರಿನೊಳಗೆ ತಲೆ ಹಾಕಿದರು, ಒಂದು ನಿಮಿಷ ತಡೆದರು, ತಲೆ ಹೊರಗೆ ತೆಗೆದರು.

"ಇದರಾಗ ಕುಂತ್ರ ಊರು ಮುಟ್ಟೋದ್ರಾಗ ಬೆಂದು ಹೋಗ್ತೀನ್ರಿ ಅಳಿಯಂದ್ರ," ಎಂದು ಬಸಣ್ಣನ ಕಾರು ಹತ್ತಿದರು.

ನನ್ನ ಹೆಂಡತಿ ಗಿರಿಜಾ ಪತ್ನಿಧರ್ಮ ಬಿಡಲಾರದೆ ನನ್ನ ಪಕ್ಕದಲ್ಲೇ ಕೂತು, ಯಾವುದೋ ಹಳೆಯ ಲಗ್ನಪತ್ರಿಕೆಯಿಂದ ದಾರಿಯುದ್ದಕ್ಕೂ ಗಾಳಿ ಬೀಸಿಕೊಂಡಳು. ಹಂಪಸಾಗರ ಬಂದಾಗ ಒಂದೇ ಮಾತು ಆಡಿದಳು: "ನಮ್ಮಕ್ಕ ಪುಣ್ಯಾ ಮಾಡ್ಯಾಳ."

ಮರುದಿನವೇ ಅಂಗಡಿ ಬಿಟ್ಟು ಮೆಕ್ಯಾನಿಕ್ ದಾದಾಪೀರನ ಮುಂದೆ ನಿಂತೆ. ಅವನು ಬಾನೆಟ್ ಎತ್ತಿ, ಕೆಂಪು ನೀಲಿ ಪೈಪುಗಳ ಮೀಟರ್ ಜೋಡಿಸಿ, ವೈದ್ಯರು ನಾಡಿ ಹಿಡಿದಂತೆ ಮುಖ ಮಾಡಿದ.

"ಗ್ಯಾಸ್ ಭಾಳ ಕಮ್ಮಿ ಐತ್ರಿ ಸಾವ್ಕಾರ್ರ. ಎಲ್ಲೋ ಲೀಕ್ ಐತಿ."

ಸೋಪಿನ ನೀರು ಸವರಿದಾಗ ಒಂದು ಪೈಪಿನ ಕೀಲಿನಲ್ಲಿ ಸಣ್ಣ ಗುಳ್ಳೆಗಳೆದ್ದವು. ಉಳಿದಿದ್ದ ಗ್ಯಾಸನ್ನು ಯಂತ್ರಕ್ಕೆ ಎಳೆದುಕೊಂಡು, ರಬ್ಬರ್ ವಾಷರ್ ಬದಲಿಸಿ, ಒಳಗಿನ ಗಾಳಿ ತೇವವೆಲ್ಲ ಹೋಗಲೆಂದು ವ್ಯಾಕ್ಯೂಮಿಗೆ ಹಾಕಿದ. ನಂತರ ತೂಕ ನೋಡಿ ಗ್ಯಾಸ್ ತುಂಬತೊಡಗಿದಾಗ ನಾನು ಹತ್ತಿರ ಹೋಗಿ ಪಿಸುಗುಟ್ಟಿದೆ, "ಇನ್ನೊಂದೀಟು ಜಾಸ್ತಿ ಹಾಕಪ. ನಮ್ಮ ಷಡ್ಡಕನ ಗಾಡಿಗಿಂತ ತಂಪಾಗ್ಬೇಕು."

"ಇದೇನು ಮದುವಿ ಮನಿ ಸಾರೇನ್ರಿ, ಇನ್ನೊಂದು ಸೌಟು ಹಾಕಾಕ? ಜಾಸ್ತಿ ಆದ್ರ ಇದ್ದ ತಂಪೂ ಹೋಗತೈತಿ," ಎಂದು ಗದರಿಸಿದ.

ತಂಪು ಬಂತು. ಎಂಥ ತಂಪು! ಕೊಟ್ಟೂರಿನ ಬಜಾರಿನಲ್ಲಿ ಕೆಲಸವಿಲ್ಲದೆ ಸುತ್ತು ಹಾಕಿದೆ. ಗುರುತಿನವರು ಕಂಡರೆ ಗಾಜು ಇಳಿಸಿ, ತಣ್ಣನೆ ಗಾಳಿ ಅವರ ಮುಖಕ್ಕೆ ತಾಗುವವರೆಗೆ ಮಾತಾಡಿಸಿದೆ.

ಆ ಹುಡುಗಿಯ ಮದುವೆಯ ದಿನ ಮತ್ತೆ ಅತ್ತೆಯವರ ಮನೆ ಮುಂದೆ ಸೇರಿದೆವು. ಬಸಣ್ಣ ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತಾ ಇಳಿದ. "ನಮ್ಮ ಎ.ಸಿ. ಕೈ ಕೊಟ್ಟೈತ್ರಿ. ಕಂಪ್ರೆಸರ್ ಹೋಗೈತಂತ."

"ಅಯ್ಯೋ ಪಾಪ!" ಎಂದೆ. ಜೀವನದಲ್ಲಿ ಅಷ್ಟು ಸಂತೋಷದಿಂದ ಇನ್ನಾರಿಗೂ ನಾನು ಪಾಪ ಎಂದಿಲ್ಲ. ಕಾರಿನ ನಾಲ್ಕೂ ಬಾಗಿಲು ತೆಗೆದು ಕೂಗಿದೆ, "ಬರ್ರಿ ಅತ್ತಿ, ಬರ್ರಿ! ಇಲ್ಲಿ ತಂಪೈತಿ!"

ಅತ್ತೆ ಬಂದರು. ಹಿಂದಿನ ಸೀಟನ್ನು ಮುಟ್ಟಿ ನೋಡಿ ಮೆಚ್ಚಿಕೊಂಡರು. ಆಮೇಲೆ ಮನೆಯ ಕಡೆ ತಿರುಗಿ, "ಗಿರಿಜಾ, ಹೂವಿನ ಬುಟ್ಟಿ, ಪೇಢಾ ಎಲ್ಲಾ ಇದರಾಗ ಇಡವಾ. ಬಿಸಲಿಗೆ ಕೆಡ್ತಾವು," ಎಂದರು.

"ನೀವು ಅತ್ತಿ?"

"ನಾವು ಬಸಣ್ಣಾರ ಗಾಡ್ಯಾಗ ಬರ್ತೀವ್ರಿ. ಸೆಕಿ ಆದ್ರ ಕಿಟಕಿ ಐತಿ. ಅವರಿದ್ರ ದಾರಿ ಸವದದ್ದೇ ಗೊತ್ತಾಗಂಗಿಲ್ಲ."

ಗಿರಿಜಾಳೂ, "ಅಕ್ಕನ ಕೂಡ ಮಾತಾಡೋದೈತ್ರಿ," ಎಂದು ಅತ್ತಲೇ ನಡೆದಳು.

ಹೀಗೆ ನಾನು ಮಲ್ಲಿಗೆ ದಂಡೆಗಳನ್ನೂ ಪೇಢಾ ಡಬ್ಬಿಗಳನ್ನೂ ಕೂರಿಸಿಕೊಂಡು ಹೊರಟೆ. ಅವು ಒಂದಿಷ್ಟೂ ಬೆವರಲಿಲ್ಲ. ಮುಂದಿನ ಕಾರಿನಲ್ಲಿ ಎಲ್ಲರೂ ಸೀಟಿನಿಂದ ಜಾರುವಷ್ಟು ನಗುತ್ತಿರುವುದು ಕಾಣುತ್ತಿತ್ತು, ಗಾಜು ಮುಚ್ಚಿದ್ದರಿಂದ ಏನೂ ಕೇಳುತ್ತಿರಲಿಲ್ಲ. ದಾರಿಯಲ್ಲಿ ಕುರಿಹಿಂಡು ಅಡ್ಡ ಬಂದು ಎರಡೂ ಕಾರು ನಿಂತವು. ತಡೆಯಲಾರದೆ ಎ.ಸಿ. ಬಂದ್ ಮಾಡಿ ಗಾಜು ಇಳಿಸಿದೆ.

"ಬರ್ರಿ ಅತ್ತಿ, ಬರ್ರಿ! ಇಲ್ಲಿ ತಂಪೈತಿ!" ಬಸಣ್ಣ ನನ್ನದೇ ದನಿಯಲ್ಲಿ ಕೂಗುತ್ತಿದ್ದ. ಗಿರಿಜಾ ಹೊಟ್ಟೆ ಹಿಡಿದುಕೊಂಡು, "ಇನ್ನೊಮ್ಮೆ ಮಾಡ್ರಿ ಭಾವಾ," ಎನ್ನುತ್ತಿದ್ದಳು.

ಸಿಟ್ಟು ಬರಬೇಕಿತ್ತು. ಬಂದದ್ದು ಮತ್ತೆ ಹೊಟ್ಟೆಕಿಚ್ಚೇ. ನಾನು ಕರೆದಾಗ ಯಾರೂ ಕಾರು ಹತ್ತಿರಲಿಲ್ಲ. ಅದೇ ಮಾತನ್ನು ಅವನು ಆಡಿದರೆ ಎಷ್ಟು ಚೆಂದ ಕೇಳುತ್ತಿತ್ತು! ನಾನಾಗಿರುವುದರಲ್ಲಿಯೂ ಅವನೇ ನನಗಿಂತ ಒಂದು ಕೈ ಮೇಲು.