ಐವತ್ತಕ್ಕೆ ಹನ್ನೊಂದು

ಕದಿರಪ್ಪ ಮೇಷ್ಟ್ರು ಕೆಟ್ಟದ್ದು ಬೆಳಿಗ್ಗೆ ಬೇಗ ಹೊರಟದ್ದರಿಂದ.

ಇಬ್ಬಿಬ್ಬರು ಶಿಕ್ಷಕರು ಜೋಡಿಯಾಗಿ ಒಬ್ಬರ ಪಾಠ ಇನ್ನೊಬ್ಬರು ನೋಡಬೇಕು, ತಿದ್ದಬೇಕು, ಐವತ್ತಕ್ಕೆ ಮಾರ್ಕು ಹಾಕಬೇಕು ಎಂದು ಆದೇಶ ಬಂದಿತ್ತು. ಜೋಡಿಯವರು ಪಾಠ ಮಾಡುವ ಫೋಟೋವನ್ನು ಅವರ ಶಾಲೆಯಲ್ಲೇ ತೆಗೆದು ಮಧ್ಯಾಹ್ನ ಹನ್ನೆರಡರೊಳಗೆ ಆ್ಯಪ್‌ಗೆ ಹಾಕದಿದ್ದರೆ ವರ್ಗಾವಣೆ ಪಟ್ಟಿಯಿಂದ ಹೆಸರು ಹೋಗುತ್ತದೆ. ಕಡೆಯ ದಿನ ಇವತ್ತೇ.

ಕದಿರಪ್ಪನ ಹೆಂಡತಿ ಮಮತಾ ಇದ್ದದ್ದು ತೆಲುಗು ಸೀಮೆಯ ಗಡಿಯ ಆ ತುದಿಯಲ್ಲಿ, ಅವನ ಊರಾದ ರೊಳ್ಳದಲ್ಲಿ. ಅವನಿದ್ದದ್ದು ಈ ತುದಿಯ ಡಿ. ಹಿರೇಹಾಳ್ ಕಡೆಯ ಒಬ್ಬರೇ ಮೇಷ್ಟ್ರ ಕನ್ನಡ ಶಾಲೆಯಲ್ಲಿ, ಐದು ವರ್ಷದಿಂದ. ಮೂರು ವರ್ಷದ ಮಗಳು ವಿಡಿಯೋದಲ್ಲಿ ಅವನನ್ನು ಕಂಡರೆ ‘ಫೋನ್ ಮಾಮ’ ಎನ್ನುತ್ತಿದ್ದಳು. ಈ ಸಲ ರೊಳ್ಳದಲ್ಲಿ ಒಂದು ಹುದ್ದೆ ಖಾಲಿಯಾಗಿತ್ತು. ಒಂದೇ ಒಂದು.

ಅವನ ಜೋಡಿ ಮಾರೇಶನ ಶಾಲೆ ಓಬಳಾಪುರದ ದಾರಿಯಲ್ಲಿ. ಅದಿರು ಲಾರಿಗಳ ಧೂಳು ಕುಡಿದು, ಹುರಿದ ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿ ಕದಿರಪ್ಪ ಮುಟ್ಟಿದಾಗ ಹತ್ತೂವರೆ. ಅಡುಗೆಯ ಉಚ್ಚಂಗಮ್ಮ ಸೊಪ್ಪು ಸೋಸುತ್ತಿದ್ದಳು.

“ಮಾರೇಶ್ ಸಾರ್ ಎಲ್ಲಮ್ಮ?”

“ನಿಮ್ಮ ಪಾಠ ನೋಡಾಕ ನಿಮ್ಮ ಸಾಲಿಗೆ ಹೋಗ್ಯಾರ್ರಿ. ನೀವ್ಯಾಕ ಇಲ್ಲಿಗೆ ಬಂದ್ರಿ?”

ಕದಿರಪ್ಪ ಮಾರೇಶನಿಗೆ ಫೋನ್ ಹಚ್ಚಿದ. “ಅಲ್ಲೇ ಇರಿ ಸಾ, ನಾನು ಬತ್ತೀನಿ!”

“ಬರಬ್ಯಾಡ್ರಿ!” ಮಾರೇಶ್ ಕೂಗಿದ. “ಲಾರಿ ಅಡ್ಡ ನಿಂತ್ರ ಪಟ್ಟಿಯಿಂದ ನಿಮ್ಮ ಹೆಸರು ಹೋತು. ನೀವು ನನ್ನ ಮಕ್ಕಳಿಗೆ ಪಾಠ ಮಾಡ್ರಿ, ನಾನು ನಿಮ್ಮ ಮಕ್ಕಳಿಗೆ ಮಾಡ್ತೀನಿ. ಫೋಟೋ ಹಿಂದಿನಿಂದ ತೆಗಸ್ರಿ. ಬೆನ್ನಿನ ಮ್ಯಾಲೆ ಹೆಸರು ಬರದಿರ್ತೈತೇನ್ರಿ?”

ಕದಿರಪ್ಪ ಬೋರ್ಡಿನ ಮೇಲೆ ರೊಟ್ಟಿ ಬರೆದು ಭಿನ್ನರಾಶಿ ಶುರುಮಾಡಿದ. “ಇದ್ನ ನಾಲ್ಕು ಭಾಗ ಮಾಡಿದ್ರೆ ಎಷ್ಟು ಬತ್ತದೆ?”

“ಬತ್ತದಂತಲೇ!” ಅವನ ರೊಳ್ಳದ ಮಾತಿಗೆ ಹಿಂದಿನ ಸಾಲು ಬಿದ್ದು ಬಿದ್ದು ನಕ್ಕಿತು.

“ನಮ್ಮ ಸಾರ್ ಆದ್ರ ಖರೇ ರೊಟ್ಟಿ ಮುರಿದು ಕೊಡ್ತಾರ್ರಿ,” ಎಂದಳು ಮುಂದಿನ ಹುಡುಗಿ.

ಉಚ್ಚಂಗಮ್ಮ ಕಿಟಕಿಯಿಂದ ಇಣುಕಿದಳು. “ದುಂಡಗ ಬರಿಯಾಕs ಬರವಲ್ದು. ಇನ್ನ ಪಾಲು ಹೆಂಗ ಮಾಡ್ಯಾರು!”

ಮುಕ್ಕಾಲು ಗಂಟೆಯಲ್ಲಿ ಒಂದು ಮಗುವೂ ಸರಿ ಉತ್ತರ ಹೇಳಲಿಲ್ಲ. ಉಚ್ಚಂಗಮ್ಮನ ಒದ್ದೆ ಬೆರಳಿನಿಂದ ಅವನ ಬೆನ್ನಿನ ಫೋಟೋ ಆಯಿತು.

ಕದಿರಪ್ಪ ಆ್ಯಪ್ ತೆರೆದ. ಶಿಕ್ಷಕರ ಹೆಸರು: ಮಾರೇಶ್. ಮಾರ್ಕು? ಜೋಡಿಗೆ ಪೂರ್ತಿ ಹಾಕಿದವರ ವರದಿ ವಾಪಸ್ಸು ಬರುತ್ತದೆಂದು ಕೇಳಿದ್ದ. ನಡೆದ ಪಾಠಕ್ಕೆ ಸಿಗಬೇಕಾದದ್ದನ್ನೇ ಕೊಟ್ಟ: ಹನ್ನೊಂದು. ಐದು ವರ್ಷದಲ್ಲಿ ಅವನು ಇಲಾಖೆಗೆ ಕಳಿಸಿದ ಮೊದಲ ನಿಜ ಅದು.

“ಅಯ್ಯ, ಮಾರೇಶ್ ಸಾರ್‌ಗೆ ಇಷ್ಟೇನ್ರಿ?”

“ಅವರ ತಾಯಿ, ಎಮ್ಮೆ, ಮನೆ ಎಲ್ಲಾ ಇಲ್ಲೇ ಇದಾವೆ ಕಣಮ್ಮ. ಟ್ರಾನ್ಸ್‌ಫರ್ ಬೇಡ ಅನ್ನೋರು ಮಾರ್ಕ್ ತಗಂಡು ಏನ್ ಮಾಡ್ತಾರೆ?”

ಅಷ್ಟರಲ್ಲಿ ಮಾರೇಶನ ಫೋನು. “ಪಾಠ ಭಾಳ ಚಲೋ ಆತ್ರಿ! ನಿಮ್ಮ ಹೆಸರಿಗೆ ನಲವತ್ತೊಂಬತ್ತು ಹಾಕೀನಿ. ನನಗೆಷ್ಟು ಹಾಕಿದ್ರಿ?”

“ಹಾಕಿದೀನಿ ಸಾ… ನ್ಯಾಯವಾಗಿ,” ಎಂದು ಕದಿರಪ್ಪ ಫೋನ್ ಇಟ್ಟ.

ನಾಲ್ಕು ಗಂಟೆಗೆ ಮಂಡಲ ಶಿಕ್ಷಣ ಕಚೇರಿಯ ಕಂಪ್ಯೂಟರ್ ನರೇಶ್ ಫೋನ್ ಮಾಡಿದ. “ಅಭಿನಂದನಲು ಸಾರ್! ನಲವತ್ತೊಂಬತ್ತು, ಮಂಡಲಕ್ಕs ಫಸ್ಟು! ಇನ್ನ ಮೂರು ವರ್ಷ ಇಲ್ಲೇ ಇದ್ದು ಉಳಿದೋರಿಗೆ ತರಬೇತಿ ಕೊಡಬೇಕಂತ್ರಿ. ಟ್ರಾನ್ಸ್‌ಫರ್ ಪಟ್ಟಿಯಿಂದ ನಿಮ್ಮ ಹೆಸರು ತೆಗೆದೀವಿ.”

“ರೊಳ್ಳದ ಪೋಸ್ಟು?”

“ಹದಿನೈದಕ್ಕಿಂತ ಕಮ್ಮಿ ಬಂದೋರನ್ನ ದೂರ ಹಾಕ್ತಾರ್ರಿ, ಪನಿಷ್‌ಮೆಂಟು. ಕನ್ನಡ ಸಾಲಿ ಈ ಕಡೆ ಬಿಟ್ರ ರೊಳ್ಳದ ಕಡೇನs ಅಲ್ರಿ? ಯಾವನೋ ಹನ್ನೊಂದು ತಗೊಂಡೋನು ಸಿಕ್ಕಾನ.”

ಕದಿರಪ್ಪ ತನ್ನ ಶಾಲೆಯ ಕಟ್ಟೆಯ ಮೇಲೆ ಕುಳಿತ. ಫೋನ್ ಮತ್ತೆ ಹೊಡೆದುಕೊಂಡಿತು. ಮಾರೇಶ್ ಅಳುತ್ತಿದ್ದ. ಹಿಂದೆ ಎಮ್ಮೆಯೂ ಕೂಗುತ್ತಿತ್ತು.

“ಸಾರ್, ರೊಳ್ಳ ನಿಮ್ಮೂರಲ್ರಿ? ನನ್ನ ಅಲ್ಲಿಗೆ ಹಾಕ್ಯಾರ್ರಿ, ಅಲ್ಲಿ ಯಾರೂ ಗೊತ್ತಿಲ್ರಿ. ನಿಮ್ಮ ಗುರ್ತಿನೋರು ಯಾರರ ಅದಾರೇನ್ರಿ?”

“ಒಬ್ಬಳಿದಾಳೆ ಸಾ, ಮೂರು ವರ್ಷದೋಳು,” ಎಂದ ಕದಿರಪ್ಪ. “ಕದಿರಪ್ಪ ಅಂದ್ರೆ ಗೊತ್ತಾಗಲ್ಲ. ಫೋನ್ ಮಾಮ ಕಳಿಸಿದ್ದು ಅನ್ನಿ.”